ಸ್ವಿಚ್ ಆಫ್ ಆದ ಮೇಲೂ ಮಿಣುಕುವ ಎಲ್‌ಇಡಿ ಬಲ್ಬ್: ಕಾರಣ ಹುಡುಕುವ ಕ್ರಮ

ದೋಷದ ಲಕ್ಷಣ ಹೀಗಿರುತ್ತದೆ. ರಾತ್ರಿ ಎಲ್ಲ ದೀಪಗಳನ್ನೂ ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ನೋಡಿದರೆ, ಪಡಸಾಲೆಯಲ್ಲೋ ಮೆಟ್ಟಿಲಿನ ಮೇಲೋ ಇರುವ ಎಲ್‌ಇಡಿ ಬಲ್ಬ್ ಪೂರ್ತಿ ಆರಿರುವುದಿಲ್ಲ. ಕೆಲವು ಮನೆಗಳಲ್ಲಿ ಅದು ಬೂದಿ ಮುಚ್ಚಿದ ಕೆಂಡದಂತೆ ಒಂದೇ ಸಮನೆ ಮಂಕಾಗಿ ಹೊಳೆಯುತ್ತಿರುತ್ತದೆ. ಇನ್ನು ಕೆಲವು ಮನೆಗಳಲ್ಲಿ ಕೆಲವು ಸೆಕೆಂಡುಗಳಿಗೊಮ್ಮೆ ಫಕ್ಕನೆ ಮಿಂಚಿ ಮತ್ತೆ ಕತ್ತಲಾಗುತ್ತದೆ. ಸ್ವಿಚ್ ಆಫ್ ಇದೆ, ಬಲ್ಬ್ ಹೊಸದು, ಸಂಜೆ ದೀಪ ಹಾಕಿದಾಗ ಎಲ್ಲವೂ ಸರಿಯಾಗಿಯೇ ಇತ್ತು. ಮನೆಯ ಹಿರಿಯರು ಇದನ್ನು ಕಂಡು ಕಳವಳಪಡುವುದೂ ಮಕ್ಕಳು ಆ ಕೋಣೆಯಲ್ಲಿ ಮಲಗಲು ಹಿಂಜರಿಯುವುದೂ ಸಹಜವೇ; ಕಣ್ಣೆದುರು ನಡೆಯುವ ಸಂಗತಿಗೆ ಕಾರಣ ಕಾಣದಿದ್ದಾಗ ಮನಸ್ಸು ತಾನೇ ಏನಾದರೊಂದು ಕಾರಣವನ್ನು ಕಟ್ಟಿಕೊಳ್ಳುತ್ತದೆ.

ಕಾರಣ ಖಂಡಿತ ಇದೆ, ಮತ್ತು ಅದನ್ನು ಎಲೆಕ್ಟ್ರಿಷಿಯನ್‌ನ ಚೀಲದಲ್ಲಿರುವ ಸಾಮಾನ್ಯ ಉಪಕರಣಗಳಿಂದಲೇ ಪತ್ತೆಹಚ್ಚಬಹುದು. ತೊಡಕಿರುವುದು ಬೇರೆ ಕಡೆ. ಈ ಒಂದೇ ಲಕ್ಷಣದ ಹಿಂದೆ ಐದಾರು ಬೇರೆ ಬೇರೆ ಕಾರಣಗಳಿರಬಹುದು. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿ, ಆದರೆ ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ (ವಿದ್ಯುತ್ತು ಮರಳಿ ಹೋಗುವ ತಂತಿಗೆ) ಹಾಕಿರುವುದು ಮತ್ತು ಬೋರ್ಡಿನೊಳಗೆ ತೇವ ಸೇರಿರುವುದು, ಈ ಎರಡು ಮಾತ್ರ ಜೀವಕ್ಕೆ ಅಪಾಯ ತರುವಂಥವು. ಬಲ್ಬಿಗೆ ಒಂದು ಸಣ್ಣ ಕೆಪಾಸಿಟರ್ (ವಿದ್ಯುತ್ತನ್ನು ಶೇಖರಿಸುವ ಬಿಡಿಭಾಗ) ಜೋಡಿಸಿದರೆ ಮಿಣುಕು ನಿಂತುಹೋಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಆ ಕೆಪಾಸಿಟರ್ ಅಪಾಯದ ಕಾರಣವನ್ನೂ ನಿರುಪದ್ರವಿ ಕಾರಣವನ್ನೂ ಒಂದೇ ರೀತಿ ಮುಚ್ಚಿಬಿಡುವುದರಿಂದ, ಅಪಾಯದ ಸಾಧ್ಯತೆಗಳನ್ನು ಪರೀಕ್ಷೆಯಿಂದ ತಳ್ಳಿಹಾಕುವವರೆಗೆ ಅದನ್ನು ಕೈಯಲ್ಲಿ ಹಿಡಿಯಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಕ್ರಮವನ್ನು ಈ ಕಾರಣಕ್ಕಾಗಿಯೇ ಹೀಗೆ ಜೋಡಿಸಿದ್ದೇನೆ.

ಹಳೆಯ ಬಲ್ಬಿನಲ್ಲಿ ಕಾಣದ್ದು ಈಗ ಕಾಣುವುದೇಕೆ

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಜ್. ಹಿಂದಿನ 60 ವ್ಯಾಟಿನ ತಂತಿ ಬಲ್ಬ್ ಬೆಳಗಲು ಸುಮಾರು 0.26 ಆಂಪಿಯರ್, ಅಂದರೆ 260 ಮಿಲಿ ಆಂಪಿಯರ್ ಬೇಕಿತ್ತು. ಅದರ ಟಂಗ್‌ಸ್ಟನ್ ತಂತಿಯಲ್ಲಿ ಒಂದು ಮಿಲಿ ಆಂಪಿಯರ್‌ನ ಹತ್ತನೇ ಒಂದು ಭಾಗ ಹರಿದರೆ ತಂತಿ ಬೆಚ್ಚಗೂ ಆಗುವುದಿಲ್ಲ, ಬೆಳಕಿನ ಮಾತಂತೂ ದೂರ. ಎಲ್‌ಇಡಿಯ ಸ್ವಭಾವ ಬೇರೆ. ಬೆಳಗಲು ಅದು ಬಿಸಿಯಾಗಬೇಕಾದ ಅಗತ್ಯವಿಲ್ಲ. ಹತ್ತಾರು ಮೈಕ್ರೋ ಆಂಪಿಯರ್ (ಮೈಕ್ರೋ ಎಂದರೆ ಮಿಲಿಯ ಸಾವಿರದ ಒಂದು ಭಾಗ) ಹರಿದರೂ ಕತ್ತಲೆಗೆ ಒಗ್ಗಿದ ಕಣ್ಣಿಗೆ ಕಾಣುವಷ್ಟು ಬೆಳಕು ಅದರಿಂದ ಹೊರಡುತ್ತದೆ. ಹೀಗಾಗಿ ವೈರಿಂಗ್‌ನಲ್ಲಿ ಮೊದಲಿನಿಂದಲೂ ಇದ್ದ ಅತಿ ಸಣ್ಣ ಸೋರಿಕೆಯನ್ನು ಎಲ್‌ಇಡಿ ಬಲ್ಬ್ ಮೀಟರಿನಷ್ಟೇ ಸೂಕ್ಷ್ಮವಾಗಿ ತೋರಿಸತೊಡಗಿದೆ.

ಕೇಂದ್ರ ಸರ್ಕಾರದ ಉಜಾಲಾ ಯೋಜನೆ 2015ರ ಜನವರಿಯಲ್ಲಿ ಆರಂಭವಾಗಿ, ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ 9 ವ್ಯಾಟಿನ ಬಲ್ಬುಗಳು ಮನೆಮನೆಗೆ ತಲುಪಿದಾಗ, ಗೋಡೆಯೊಳಗಿನ ತಂತಿಗಳೂ ಸ್ವಿಚ್ಚುಗಳೂ ಹಳೆಯವೇ ಉಳಿದವು. ಬಲ್ಬ್ ಮಾತ್ರ ಬದಲಾಯಿತು. ‘ಇಷ್ಟು ವರ್ಷ ಇಲ್ಲದ ತೊಂದರೆ ಈ ಬಲ್ಬ್ ಹಾಕಿದ ಮೇಲೆ ಬಂತು’ ಎಂದು ದೂರುವವರ ಅನುಭವ ನಿಜ. ಆದರೆ ತೊಂದರೆ ಅಷ್ಟು ವರ್ಷವೂ ಅಲ್ಲಿಯೇ ಇತ್ತು, ಅದನ್ನು ತೋರಿಸುವ ದೀಪ ಮಾತ್ರ ಆಗ ಇರಲಿಲ್ಲ.

ಕೆಲವು ಬಲ್ಬುಗಳು ಒಂದೇ ಸಮನೆ ಹೊಳೆದರೆ ಕೆಲವು ಮಿಂಚಿ ಆರುವುದಕ್ಕೆ ಬಲ್ಬಿನೊಳಗಿನ ಡ್ರೈವರ್, ಅಂದರೆ ಎಲ್‌ಇಡಿಗೆ ತಕ್ಕ ವಿದ್ಯುತ್ತು ಒದಗಿಸುವ ಸರ್ಕ್ಯೂಟ್, ಕಾರಣ. ಹೆಚ್ಚಿನ ಬಲ್ಬುಗಳಲ್ಲಿ ಬರುವ ಎಸಿ ವಿದ್ಯುತ್ತು ಡಯೋಡುಗಳ ಮೂಲಕ ಡಿಸಿಯಾಗಿ ಒಂದು ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನಲ್ಲಿ ಶೇಖರವಾಗುತ್ತದೆ. ಸೋರಿಕೆಯ ಅಲ್ಪ ವಿದ್ಯುತ್ತು ಈ ಕೆಪಾಸಿಟರನ್ನು ನಿಧಾನವಾಗಿ ತುಂಬಿಸುತ್ತಾ ಹೋಗಿ, ಅದರ ವೋಲ್ಟೇಜು ಡ್ರೈವರ್ ಚಿಪ್ ಎಚ್ಚರಗೊಳ್ಳುವ ಮಟ್ಟ ತಲುಪಿದ ಕ್ಷಣದಲ್ಲಿ, ಸಂಗ್ರಹವಾದದ್ದೆಲ್ಲ ಒಮ್ಮೆಗೇ ಎಲ್‌ಇಡಿಗಳಿಗೆ ಹರಿದು ಬಲ್ಬ್ ಮಿಂಚುತ್ತದೆ. ಕೆಪಾಸಿಟರ್ ಬರಿದಾದ ಕೂಡಲೇ ಚಿಪ್ ಮತ್ತೆ ಮಲಗುತ್ತದೆ, ತುಂಬುವಿಕೆ ಹೊಸದಾಗಿ ಶುರುವಾಗುತ್ತದೆ. ಸೋರಿಕೆ ಹೆಚ್ಚಿದ್ದಷ್ಟೂ ಮಿಂಚುಗಳ ನಡುವಿನ ಅಂತರ ಕಡಿಮೆ. ಚಿಪ್ ಇಲ್ಲದ ಸರಳ ಡ್ರೈವರುಗಳಲ್ಲಿ ಈ ಕಾಯುವಿಕೆ ಇಲ್ಲದ್ದರಿಂದ ಅವು ಸದಾ ಮಂಕಾಗಿ ಹೊಳೆಯುತ್ತವೆ. ಒಂದೇ ಹೋಲ್ಡರಿನಲ್ಲಿ ಎರಡು ಕಂಪನಿಗಳ ಬಲ್ಬುಗಳನ್ನು ಹಾಕಿ ನೋಡಿದಾಗ ಒಂದು ಮಿಣುಕಿ ಇನ್ನೊಂದು ಕತ್ತಲಾಗಿಯೇ ಉಳಿದರೆ, ಎರಡನೆಯದು ಉತ್ತಮ ಬಲ್ಬ್ ಎಂದಾಗಲಿ ದೋಷ ಹೋಯಿತೆಂದಾಗಲಿ ತಿಳಿಯಬಾರದು. ಸೋರಿಕೆ ಎರಡರಲ್ಲೂ ಒಂದೇ.

ಏಣಿ ಹತ್ತುವ ಮೊದಲು ನೋಡಿ ಬರೆದುಕೊಳ್ಳಬೇಕಾದದ್ದು

ಬೋರ್ಡಿಗೆ ಸ್ಕ್ರೂ ಡ್ರೈವರ್ ಮುಟ್ಟಿಸುವ ಮೊದಲು ಒಂದೆರಡು ರಾತ್ರಿ ಸುಮ್ಮನೆ ಗಮನಿಸುವುದರಿಂದ ಅರ್ಧ ಕೆಲಸ ಮುಗಿಯುತ್ತದೆ. ಮಿಂಚು ಬಹಳ ಅಲ್ಪವಾಗಿದ್ದರೆ ಮೊಬೈಲ್ ಕ್ಯಾಮೆರಾವನ್ನು ಒಂದು ಕಡೆ ಒರಗಿಸಿಟ್ಟು ವಿಡಿಯೊ ಮಾಡಿಕೊಳ್ಳಬಹುದು; ಎಲೆಕ್ಟ್ರಿಷಿಯನ್ ಬರುವುದು ಹಗಲಿನಲ್ಲಿ, ಹಗಲಿನಲ್ಲಿ ಈ ದೋಷ ಕಾಣುವುದೇ ಇಲ್ಲ, ಆದ್ದರಿಂದ ಆ ವಿಡಿಯೊ ಅವರಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಮೊದಲ ಪ್ರಶ್ನೆ, ಹೊಳಪು ಎಷ್ಟು ಹೊತ್ತು ಇರುತ್ತದೆ ಎಂಬುದು. ಸ್ವಿಚ್ ಆಫ್ ಮಾಡಿದ ನಂತರ ಕೆಲವು ಸೆಕೆಂಡು ಮಂಕಾಗಿದ್ದು ತಾನೇ ಆರಿಹೋದರೆ ಅದು ದೋಷವೇ ಅಲ್ಲ, ಬಲ್ಬಿನೊಳಗಿನ ಕೆಪಾಸಿಟರ್ ಖಾಲಿಯಾಗುತ್ತಿರುವುದಷ್ಟೇ. ನಡುರಾತ್ರಿಯಲ್ಲಿ ಎದ್ದು ನೋಡಿದಾಗಲೂ ಇದ್ದರೆ ಮಾತ್ರ ಮುಂದಕ್ಕೆ ಹೋಗಬೇಕು. ಎರಡನೆಯದು, ಒಂದೇ ದೀಪವೋ ಹಲವು ದೀಪಗಳೋ ಎಂಬುದು. ಹಲವಾದರೆ ಅವೆಲ್ಲ ಯುಪಿಎಸ್ ಲೈನಿನಲ್ಲಿ ಇವೆಯೇ, ಒಂದೇ ಬೋರ್ಡಿಗೆ ಸೇರಿವೆಯೇ ಎಂದು ನೋಡಬೇಕು. ಮೂರನೆಯದು ಋತು. ಬೇಸಿಗೆಯಲ್ಲಿ ಇಲ್ಲದೆ ಜೂನ್ ಮಳೆ ಹಿಡಿದ ಮೇಲೆ ಕಾಣಿಸಿಕೊಳ್ಳುವ ಮಿಣುಕಿಗೆ ಅರ್ಥವೇ ಬೇರೆ. ಆ ದೀಪಕ್ಕೆ ಎರಡು ಕಡೆ ಸ್ವಿಚ್ ಇದೆಯೇ, ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇದೆಯೇ, ಅದು ಸ್ವಿಚ್ ಆಫ್ ಇದ್ದಾಗ ಉರಿಯುತ್ತದೆಯೇ ಆನ್ ಇದ್ದಾಗ ಉರಿಯುತ್ತದೆಯೇ ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು.

ಒಳಗೆ ಬ್ಯಾಟರಿ ಇರುವ ಇನ್ವರ್ಟರ್ ಬಲ್ಬ್ ಆಗಿದ್ದರೆ ಈ ಬರಹದ ಹೆಚ್ಚಿನ ಪರೀಕ್ಷೆಗಳು ಅದಕ್ಕೆ ಹೊಂದುವುದಿಲ್ಲ. ಕರೆಂಟ್ ಹೋಗಿದೆಯೋ ಯಾರಾದರೂ ಸ್ವಿಚ್ ಆರಿಸಿದ್ದಾರೋ ಎಂಬುದನ್ನು ಆ ಬಲ್ಬ್ ತನ್ನ ಎರಡು ತುದಿಗಳ ನಡುವೆ ಹೊರಗಿನಿಂದ ದಾರಿ ಇದೆಯೇ ಎಂದು ಅಳೆದು ತೀರ್ಮಾನಿಸುತ್ತದೆ. ಕೈಯಲ್ಲಿ ಹಿಡಿದು ಎರಡೂ ಬಿಂದುಗಳನ್ನು ಬೆರಳಿನಿಂದ ಮುಟ್ಟಿದರೆ ಅದು ಹೊತ್ತಿಕೊಳ್ಳುವುದು ಈ ಕಾರಣಕ್ಕೇ. ಅಂಥ ಬಲ್ಬನ್ನು ತೆಗೆದಿಟ್ಟು ಸಾಮಾನ್ಯ 9 ವ್ಯಾಟಿನ ಬಲ್ಬ್ ಹಾಕಿ ಪರೀಕ್ಷೆ ಆರಂಭಿಸಬೇಕು.

ಇನ್ನೊಂದು ಎಚ್ಚರಿಕೆ. ಮಿಣುಕಿನ ಜೊತೆಗೆ ಮನೆಯ ಉಳಿದ ದೀಪಗಳು ಇದ್ದಕ್ಕಿದ್ದಂತೆ ಪ್ರಖರವಾಗುವುದು ಅಥವಾ ಮಂಕಾಗುವುದು, ಫ್ಯಾನಿನ ವೇಗ ಏರಿಳಿಯುವುದು ಕಂಡರೆ ಅದು ಈ ದೋಷವಲ್ಲ. ಅದು ನ್ಯೂಟ್ರಲ್ ಸಡಿಲವಾಗಿರುವ ಸೂಚನೆ. ಮೂರು ಫೇಸ್ ಸರಬರಾಜಿನಲ್ಲಿ ನ್ಯೂಟ್ರಲ್ ಕಡಿದರೆ ಮನೆಯೊಳಗಿನ ಉಪಕರಣಗಳ ಮೇಲೆ 400 ವೋಲ್ಟಿನ ಸಮೀಪಕ್ಕೆ ಒತ್ತಡ ಬೀಳಬಹುದು. ಕೂಡಲೇ ಮೈನ್ ಸ್ವಿಚ್ ಆರಿಸಿ ಲೈನ್‌ಮ್ಯಾನ್‌ಗೆ ತಿಳಿಸಬೇಕು, ಬೇರೆ ಯಾವ ಪರೀಕ್ಷೆಗೂ ಇಳಿಯಬಾರದು.

ಮೊದಲು ತಳ್ಳಿಹಾಕಬೇಕಾದದ್ದು: ನ್ಯೂಟ್ರಲ್‌ಗೆ ಹಾಕಿದ ಸ್ವಿಚ್

ದೀಪದ ಸ್ವಿಚ್ ಯಾವಾಗಲೂ ಫೇಸ್ ತಂತಿಯನ್ನು, ಅಂದರೆ 230 ವೋಲ್ಟ್ ಹೊತ್ತು ತರುವ ತಂತಿಯನ್ನು, ಕಡಿಯಬೇಕು. ಇದು 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ ಬಂದಿರುವ ಕಟ್ಟಳೆ, ಮನೆಯ ವೈರಿಂಗ್ ಕುರಿತ ಐಎಸ್ 732 ಮಾನಕವೂ ಇದನ್ನೇ ಹೇಳುತ್ತದೆ. ಆದರೆ ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಹಾಕಿದರೂ ದೀಪ ಹೊತ್ತುತ್ತದೆ, ಆರುತ್ತದೆ. ಬಳಸುವವರಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ವ್ಯತ್ಯಾಸ ತಿಳಿಯುವುದು ಬಲ್ಬ್ ಬದಲಿಸಲು ಸ್ಟೂಲ್ ಹತ್ತಿದವರಿಗೆ. ನಮ್ಮಲ್ಲಿ ಬಳಕೆಯಲ್ಲಿರುವ ಪಿನ್ ಹೋಲ್ಡರಿನ ತಳದಲ್ಲಿ ಸ್ಪ್ರಿಂಗ್ ಮೇಲೆ ಕುಳಿತ ಎರಡು ಹಿತ್ತಾಳೆಯ ಮೊಳೆಗಳಿರುತ್ತವೆ. ಸ್ವಿಚ್ ಆಫ್ ಮಾಡಿ ನಿರಾತಂಕವಾಗಿ ಕೈ ಹಾಕುವ ವ್ಯಕ್ತಿಗೆ, ಅವುಗಳಲ್ಲಿ ಒಂದು ಆಗಲೂ ಪೂರ್ಣ 230 ವೋಲ್ಟಿನಲ್ಲಿ ಇದೆ ಎಂಬುದು ಗೊತ್ತಿರುವುದಿಲ್ಲ.

ಇಂಥ ವೈರಿಂಗ್‌ನಲ್ಲಿ ಎಲ್‌ಇಡಿ ಏಕೆ ಮಿಣುಕುತ್ತದೆ ಎಂದರೆ, ಫೇಸ್ ನೇರವಾಗಿ ಬಲ್ಬಿಗೆ ಬಂದಿರುತ್ತದೆ. ಬಲ್ಬಿನಿಂದ ಸ್ವಿಚ್ಚಿನವರೆಗಿನ ತಂತಿ ಗೋಡೆ, ಅರ್ತ್ ತಂತಿ, ಬೇರೆ ನ್ಯೂಟ್ರಲ್‌ಗಳ ಪಕ್ಕದಲ್ಲಿ ಹಾದುಹೋಗುವುದರಿಂದ ಅವುಗಳ ನಡುವೆ ತಾನಾಗಿಯೇ ಒಂದು ಸಣ್ಣ ಕೆಪಾಸಿಟರ್ ಉಂಟಾಗಿ, ಸ್ವಿಚ್ ತೆರೆದಿದ್ದರೂ ಬಲ್ಬಿನ ಮೂಲಕ ಅಲ್ಪ ವಿದ್ಯುತ್ತು ಹರಿಯಲು ದಾರಿ ಸಿಗುತ್ತದೆ.

ಇದನ್ನು ಪತ್ತೆಹಚ್ಚುವಾಗ ನಿಯಾನ್ ಟೆಸ್ಟರ್ ಹಲವರನ್ನು ದಾರಿ ತಪ್ಪಿಸುತ್ತದೆ. ಬಲ್ಬ್ ಹೋಲ್ಡರಿನಲ್ಲಿ ಇರುವಾಗಲೇ ಬೋರ್ಡ್ ಬಿಚ್ಚಿ, ಸ್ವಿಚ್ ಆಫ್ ಇಟ್ಟು ಅದರ ಎರಡು ತುದಿಗಳಿಗೆ ಟೆಸ್ಟರ್ ಹಿಡಿದರೆ, ಸರಿಯಾದ ವೈರಿಂಗ್‌ನಲ್ಲೂ ಒಂದು ತುದಿ ಉರಿದು ಇನ್ನೊಂದು ಉರಿಯುವುದಿಲ್ಲ, ತಪ್ಪಾದ ವೈರಿಂಗ್‌ನಲ್ಲೂ ಬಲ್ಬಿನ ಮೂಲಕ ಹಾದುಬಂದ ಫೇಸ್‌ನಿಂದಾಗಿ ಹಾಗೆಯೇ ಆಗುತ್ತದೆ. ಎರಡಕ್ಕೂ ಒಂದೇ ಉತ್ತರ ಬರುವ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಆದ್ದರಿಂದ ಬಲ್ಬನ್ನು ಹೋಲ್ಡರಿನಿಂದ ತೆಗೆಯುವುದು ಮುಖ್ಯ. ಅದೇ ಸ್ವಿಚ್ಚಿಗೆ ಎರಡು ಮೂರು ದೀಪಗಳಿದ್ದರೆ ಎಲ್ಲವನ್ನೂ ತೆಗೆಯಬೇಕು. ಆಗ ಸ್ವಿಚ್ಚಿನ ಯಾವುದಾದರೂ ಒಂದು ತುದಿಯಲ್ಲಿ ಟೆಸ್ಟರ್ ಚೆನ್ನಾಗಿ ಉರಿದರೆ ಸ್ವಿಚ್ ಫೇಸ್‌ನಲ್ಲಿದೆ, ವೈರಿಂಗ್ ಸರಿಯಾಗಿದೆ. ಎರಡು ತುದಿಗಳಲ್ಲೂ ಉರಿಯದಿದ್ದರೆ, ಅದೇ ಬೋರ್ಡಿನ ಸಾಕೆಟ್‌ನಲ್ಲಿ ಫೇಸ್ ಇರುವುದನ್ನು ಖಚಿತಪಡಿಸಿಕೊಂಡ ಮೇಲೆ, ಸ್ವಿಚ್ ನ್ಯೂಟ್ರಲ್‌ನಲ್ಲಿದೆ ಎಂದೇ ತಿಳಿಯಬೇಕು.

ಬೋರ್ಡ್ ಬಿಚ್ಚದೆ ಹೋಲ್ಡರಿನಲ್ಲೇ ನೋಡುವ ದಾರಿಯೂ ಇದೆ. ಸ್ವಿಚ್ ಆಫ್ ಇಟ್ಟು, ಬಲ್ಬ್ ತೆಗೆದು, ಎರಡು ಮೊಳೆಗಳಿಗೂ ಒಂದೊಂದಾಗಿ ಟೆಸ್ಟರ್ ಮುಟ್ಟಿಸಿದಾಗ ಸಾಕೆಟ್‌ನ ಫೇಸ್‌ನಲ್ಲಿ ಉರಿದಷ್ಟೇ ಪ್ರಖರವಾಗಿ ಒಂದು ಮೊಳೆಯಲ್ಲಿ ಉರಿದರೆ ಸ್ವಿಚ್ ತಪ್ಪು ಕಡೆ ಇದೆ. ಆದರೆ ಇಲ್ಲಿ ಪ್ರಖರತೆಯನ್ನು ಹೋಲಿಸಿ ನೋಡಬೇಕಾಗುತ್ತದೆ, ಅದು ಎಲ್ಲರಿಗೂ ಸುಲಭವಲ್ಲ. ಟೆಸ್ಟರಿನ ನಿಯಾನ್ ಸುಮಾರು 60ರಿಂದ 90 ವೋಲ್ಟಿಗೇ ಹೊತ್ತಿಕೊಳ್ಳುವುದರಿಂದ, ಸರಿಯಾದ ವೈರಿಂಗ್‌ನಲ್ಲೂ ಪಕ್ಕದ ತಂತಿಯಿಂದ ಪ್ರೇರಿತವಾದ ವೋಲ್ಟೇಜಿಗೆ ಅದು ಸಣ್ಣಗೆ ಮಿಣುಕಬಹುದು. ಮರದ ಸ್ಟೂಲಿನ ಮೇಲೆ ನಿಂತಾಗ ಪೂರ್ಣ ಫೇಸ್ ಕೂಡ ಮಂಕಾಗಿ ಕಾಣಬಹುದು. ಡಿಜಿಟಲ್ ಮಲ್ಟಿಮೀಟರ್ ಕೂಡ ಇದೇ ರೀತಿ ಮೋಸ ಮಾಡುತ್ತದೆ: ಅದರ ಒಳರೋಧ ಸಾಮಾನ್ಯವಾಗಿ 10 ಮೆಗಾ ಓಮ್ ಇರುವುದರಿಂದ, ಯಾವ ಶಕ್ತಿಯೂ ಇಲ್ಲದ ತೇಲುವ ತಂತಿಯಲ್ಲೂ ಹತ್ತಾರು ವೋಲ್ಟ್ ತೋರಿಸುತ್ತದೆ.

ಸಂದೇಹ ಉಳಿದರೆ ಹಳೆಯ ಎಲೆಕ್ಟ್ರಿಷಿಯನ್‌ಗಳ ಟೆಸ್ಟ್ ಲ್ಯಾಂಪನ್ನು ಮೀರಿಸುವ ಉಪಕರಣ ಇನ್ನೂ ಇಲ್ಲ ಎಂದೇ ಹೇಳುತ್ತೇನೆ. ಹೋಲ್ಡರಿಗೆ ಹಾಕಿದ 15 ಅಥವಾ 40 ವ್ಯಾಟಿನ ತಂತಿ ಬಲ್ಬು, ಅದರಿಂದ ಹೊರಟ ಎರಡು ಉದ್ದನೆಯ ತಂತಿಗಳು, ತುದಿಯಲ್ಲಿ ಇನ್ಸುಲೇಶನ್ ಇರುವ ಪ್ರೋಬುಗಳು, ಇಷ್ಟೇ ಅದು. ಎಕ್ಸ್‌ಟೆನ್ಶನ್ ಬೋರ್ಡಿನಿಂದ ತಂದ ಖಚಿತವಾದ ನ್ಯೂಟ್ರಲ್‌ಗೆ ಒಂದು ತುದಿ, ಸಂದೇಹದ ಮೊಳೆಗೆ ಇನ್ನೊಂದು ತುದಿ ಹಿಡಿದರೆ, ನಿಜವಾದ ಫೇಸ್ ಆದರೆ ಬಲ್ಬ್ ಬೆಳಗುತ್ತದೆ, ಪ್ರೇರಿತ ವೋಲ್ಟೇಜ್ ಆದರೆ ಏನೂ ಆಗುವುದಿಲ್ಲ. ನ್ಯೂಟ್ರಲ್ ಬದಲು ಅರ್ತ್ ಬಳಸಿದರೆ ಆರ್‌ಸಿಸಿಬಿ (ಅರ್ತ್‌ಗೆ ಸೋರುವ ವಿದ್ಯುತ್ತನ್ನು ಗ್ರಹಿಸಿ ಸರಬರಾಜು ಕಡಿಯುವ ಸುರಕ್ಷಾ ಸ್ವಿಚ್) ಟ್ರಿಪ್ ಆಗುತ್ತದೆ, ಆದ್ದರಿಂದ ನ್ಯೂಟ್ರಲ್‌ನ್ನೇ ಬಳಸಬೇಕು.

ಈ ಪರೀಕ್ಷೆಗಳೆಲ್ಲ ಜೀವಂತ ತಂತಿಯ ಮೇಲೆ ನಡೆಯುವಂಥವು. ಅಭ್ಯಾಸವಿಲ್ಲದವರು ಮಾಡಬಾರದು, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡುವಾಗ ಪಕ್ಕದಲ್ಲಿ ನಿಂತು, ಬಲ್ಬ್ ತೆಗೆದ ನಂತರವೇ ನೋಡುತ್ತಿದ್ದಾರೆಯೇ ಎಂದು ಗಮನಿಸಿದರೆ ಸಾಕು. ದೋಷ ಇಲ್ಲಿಯೇ ಸಿಕ್ಕಿದರೆ ಪರಿಹಾರ ಒಂದೇ: ಬೋರ್ಡಿನಲ್ಲಿ ಅಥವಾ ಜಂಕ್ಷನ್ ಬಾಕ್ಸಿನಲ್ಲಿ ಅದಲುಬದಲಾಗಿರುವ ತಂತಿಗಳನ್ನು ಸರಿಪಡಿಸುವುದು. ಫೇಸ್‌ಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್‌ಗೆ ಕಪ್ಪು, ಅರ್ತ್‌ಗೆ ಹಸಿರು ಎಂಬ ಬಣ್ಣದ ಕ್ರಮವನ್ನು ನಂಬಿ ಕೆಲಸ ಮಾಡಬಾರದು. ಉಳಿದ ತುಂಡುಗಳನ್ನು ಕೂಡಿಸಿ ವೈರಿಂಗ್ ಮುಗಿಸಿದ ಮನೆಗಳು ಬೇಕಾದಷ್ಟಿವೆ, ಅಲ್ಲಿ ಕಪ್ಪು ತಂತಿಯಲ್ಲೇ ಫೇಸ್ ಇರಬಹುದು. ಒಂದು ದೀಪದಲ್ಲಿ ತಪ್ಪು ಕಂಡರೆ, ಅದೇ ಕೈ ಮಾಡಿದ ಉಳಿದ ಕೋಣೆಗಳನ್ನೂ ನೋಡಿಸಿಬಿಡಬೇಕು.

ಎರಡನೆಯ ಅಪಾಯ: ತೇವ

ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆಗಾಲದ ಮಿಣುಕಿಗೆ ಇದೇ ಮೊದಲ ಶಂಕೆ. ಹೊರಗೋಡೆಯ ಸ್ವಿಚ್ ಬೋರ್ಡಿನ ಲೋಹದ ಪೆಟ್ಟಿಗೆ ಬಿಚ್ಚಿ ನೋಡಿದರೆ ಹಿಂಭಾಗದ ಸಿಮೆಂಟು ಕಪ್ಪಾಗಿ ಬೆವರಿರುತ್ತದೆ, ಸ್ಕ್ರೂಗಳ ತಲೆಯ ಮೇಲೆ ಹಸಿರು ಕಿಲುಬು ಕೂತಿರುತ್ತದೆ, ಎಷ್ಟೋ ಸಲ ಇರುವೆಗಳು ಕೊರೆದು ತಂದ ಮಣ್ಣು ಎರಡು ಟರ್ಮಿನಲ್‌ಗಳ ನಡುವೆ ಸೇತುವೆ ಕಟ್ಟಿರುತ್ತದೆ. ಒಣಗಿರುವಾಗ ಆ ಮಣ್ಣು ವಿದ್ಯುತ್ತನ್ನು ಬಿಡುವುದಿಲ್ಲ, ನೆನೆದಾಗ ಬಿಡುತ್ತದೆ. ಸ್ವಿಚ್ ಆಫ್ ಇದ್ದರೂ ಅದರ ಎರಡು ತುದಿಗಳ ನಡುವೆ ಕೊಳೆಯ ಮೂಲಕವೇ ವಿದ್ಯುತ್ತು ಹರಿದು ದೀಪ ಮಿಣುಕುತ್ತದೆ.

ಇದನ್ನು ಖಚಿತಪಡಿಸಲು 500 ವೋಲ್ಟಿನ ಮೆಗ್ಗರ್, ಅಂದರೆ ಇನ್ಸುಲೇಶನ್ ರೋಧ ಅಳೆಯುವ ಉಪಕರಣ, ಬೇಕು. ಮೈನ್ ಆರಿಸಿ, ಬಲ್ಬುಗಳನ್ನೂ ಪ್ಲಗ್ ಆದ ಉಪಕರಣಗಳನ್ನೂ ತೆಗೆದು ಅಳೆದಾಗ ಇನ್ಸುಲೇಶನ್ ರೋಧ 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ವೈರಿಂಗ್ ಸುರಕ್ಷಿತವಲ್ಲ. ಇಲ್ಲೊಂದು ಲೆಕ್ಕ ಗಮನಿಸಬೇಕು: 230 ವೋಲ್ಟಿಗೆ 1 ಮೆಗಾ ಓಮ್ ಎಂದರೆ 230 ಮೈಕ್ರೋ ಆಂಪಿಯರ್. ಅಂದರೆ ಪರೀಕ್ಷೆಯಲ್ಲಿ ಅಂಚಿನಲ್ಲಿ ತೇರ್ಗಡೆಯಾಗುವ ವೈರಿಂಗ್ ಕೂಡ ಎಲ್‌ಇಡಿಯನ್ನು ಮಿಣುಕಿಸಲು ಸಾಕು. ಆರ್‌ಸಿಸಿಬಿ ಟ್ರಿಪ್ ಆಗಿಲ್ಲವಲ್ಲ ಎಂಬ ಸಮಾಧಾನಕ್ಕೂ ಇಲ್ಲಿ ಬೆಲೆಯಿಲ್ಲ, ಏಕೆಂದರೆ ಮನೆಗಳ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಮಟ್ಟದ್ದು. ಇದು ಅದರ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದೂ ಅಲ್ಲದೆ ಸ್ವಿಚ್ಚಿನ ತುದಿಗಳ ನಡುವಿನ ಸೋರಿಕೆ ಅರ್ತ್‌ಗೆ ಹೋಗುವುದೇ ಇಲ್ಲ, ಆರ್‌ಸಿಸಿಬಿಗೆ ಅದು ಕಾಣುವುದೂ ಇಲ್ಲ. ಪೆಟ್ಟಿಗೆಯನ್ನು ಸ್ವಚ್ಛಗೊಳಿಸಿ, ಕಿಲುಬು ಹಿಡಿದ ಸ್ವಿಚ್ ಬದಲಿಸಿ, ಗೋಡೆಗೆ ನೀರು ಇಳಿಯುವ ಜಾಗವನ್ನು ಮುಚ್ಚಿಸುವುದೇ ಪರಿಹಾರ. ಕಡೆಯದನ್ನು ಮಾಡದಿದ್ದರೆ ಮುಂದಿನ ಆಷಾಢಕ್ಕೆ ದೋಷ ಮರಳುತ್ತದೆ.

ಯುಪಿಎಸ್ ಲೈನಿನ ದೀಪಗಳು ಮಾತ್ರ ಮಿಣುಕಿದರೆ

ಯುಪಿಎಸ್‌ಗೆ ಹೋದ ಕೋಣೆಗಳಲ್ಲಿ ಮಾತ್ರ, ಅಲ್ಲಿ ಎಲ್ಲ ದೀಪಗಳಲ್ಲೂ ಮಿಣುಕು ಕಂಡರೆ, ಒಂದೊಂದು ಬೋರ್ಡನ್ನೂ ಬಿಚ್ಚುವ ಬದಲು ಯುಪಿಎಸ್‌ನ ಪ್ಲಗ್ ಕೂತಿರುವ ಸಾಕೆಟ್ಟನ್ನು ಮೊದಲು ನೋಡಬೇಕು. ಆ ಸಾಕೆಟ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದು, ಯುಪಿಎಸ್ ಲೈನಿಗೆ ಪ್ರತ್ಯೇಕ ನ್ಯೂಟ್ರಲ್ ಎಳೆದಿದ್ದರೆ, ಕರೆಂಟ್ ಇರುವಾಗ ಒಳಬಂದದ್ದು ಹಾಗೆಯೇ ಹೊರಹೋಗುವುದರಿಂದ ಆ ಲೈನಿನ ಪ್ರತಿಯೊಂದು ಸ್ವಿಚ್ಚೂ ಒಮ್ಮೆಗೇ ನ್ಯೂಟ್ರಲ್ ಕಡಿಯುವ ಸ್ವಿಚ್ ಆಗಿಬಿಡುತ್ತದೆ. ಸಾಕೆಟ್‌ನ ಎರಡು ತಂತಿ ಸರಿಪಡಿಸಿದರೆ ಮನೆಯ ಅರ್ಧ ಭಾಗ ಸರಿಯಾಗುತ್ತದೆ. ಕರೆಂಟ್ ಹೋಗಿ ಬ್ಯಾಟರಿಯಲ್ಲಿ ನಡೆಯುವಾಗ ಮಾತ್ರ ಮಿಣುಕಿದರೆ, ಯುಪಿಎಸ್‌ನ ಹೊರಹರಿವಿನ ಎರಡೂ ತಂತಿಗಳು ಅರ್ತ್‌ಗೆ ಹೋಲಿಸಿದರೆ ತೇಲುತ್ತಿರುವುದು ಸಾಮಾನ್ಯ ಕಾರಣ. ಆದರೂ ಯುಪಿಎಸ್ ಜೋಡಿಸಿದವರಿಂದ ನ್ಯೂಟ್ರಲ್ ಸಂಪರ್ಕ ನೋಡಿಸಬೇಕು. ಮೈನ್ ಸ್ವಿಚ್ ಆರಿಸಿದರೂ ಯುಪಿಎಸ್ ಲೈನಿನಲ್ಲಿ 230 ವೋಲ್ಟ್ ಇರುತ್ತದೆ ಎಂಬುದನ್ನು ಬೋರ್ಡ್ ಬಿಚ್ಚುವ ಯಾರೂ ಮರೆಯಬಾರದು.

ಇಂಡಿಕೇಟರ್ ಮತ್ತು ಸ್ಮಾರ್ಟ್ ಸ್ವಿಚ್

ಸ್ವಿಚ್ ಆಫ್ ಇದ್ದಾಗ ಉರಿದು, ಆನ್ ಮಾಡಿದಾಗ ಆರುವ ಇಂಡಿಕೇಟರ್ ಇದ್ದರೆ ಹೆಚ್ಚು ಹುಡುಕಬೇಕಿಲ್ಲ. ಕತ್ತಲೆಯಲ್ಲಿ ಸ್ವಿಚ್ ಕಾಣಲೆಂದು ಹಾಕಿದ ಆ ನಿಯಾನ್, ತನಗೆ ಬೇಕಾದ ಸುಮಾರು ಒಂದು ಮಿಲಿ ಆಂಪಿಯರ್‌ನ್ನು ದೀಪದ ಮೂಲಕವೇ ಎಳೆದುಕೊಳ್ಳುತ್ತದೆ. ನ್ಯೂಟ್ರಲ್ ಇಲ್ಲದೆ ಎರಡೇ ತಂತಿಯಲ್ಲಿ ಕೆಲಸ ಮಾಡುವ ಟಚ್ ಸ್ವಿಚ್, ರಿಮೋಟ್ ಸ್ವಿಚ್, ಮೆಟ್ಟಿಲಿನ ಚಲನ ಸೆನ್ಸರ್‌ಗಳದ್ದೂ ಇದೇ ಕಥೆ. ಇಂಡಿಕೇಟರಿನ ಒಂದು ತಂತಿ ಕಳಚಿದರೆ ಅಥವಾ ಬೋರ್ಡಿನಲ್ಲೇ ಇರುವ ನ್ಯೂಟ್ರಲ್‌ಗೆ ಅದನ್ನು ಬದಲಿಸಿದರೆ ಮುಗಿಯಿತು. ಸ್ಮಾರ್ಟ್ ಸ್ವಿಚ್ಚಿಗೆ ಅದರ ತಯಾರಕರು ಕೊಡುವ ಬೈಪಾಸ್ ಘಟಕವನ್ನೇ ಬಳಸಬೇಕು.

ಪಕ್ಕಪಕ್ಕದ ತಂತಿಗಳು

ಮೇಲಿನ ಯಾವುದೂ ಇಲ್ಲದೆ, ಸ್ವಿಚ್ ಫೇಸ್‌ನಲ್ಲೇ ಇದ್ದು, ಬೋರ್ಡ್ ಒಣಗಿದ್ದು, ಆದರೂ ದೀಪ ಮಿಣುಕಿದರೆ ಉಳಿಯುವುದು ಇದೊಂದೇ, ಮತ್ತು ಇದು ನಿಜವಾಗಿಯೂ ನಿರುಪದ್ರವಿ. ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆಯುತ್ತಿದ್ದ ಕಾಲದ ವೈರಿಂಗ್‌ಗೂ ಗೋಡೆಯೊಳಗೆ ಪಿವಿಸಿ ಪೈಪಿನಲ್ಲಿ ಹತ್ತಾರು ತಂತಿಗಳನ್ನು ಒಟ್ಟಿಗೆ ತುರುಕುವ ಇಂದಿನ ವೈರಿಂಗ್‌ಗೂ ಇಲ್ಲಿ ವ್ಯತ್ಯಾಸ ಕಾಣುತ್ತದೆ. ಸ್ವಿಚ್ಚಿನಿಂದ ದೀಪಕ್ಕೆ ಹೋಗುವ ತಂತಿ, ಸದಾ ಫೇಸ್ ಇರುವ ಇನ್ನೊಂದು ತಂತಿಗೆ ಅಂಟಿಕೊಂಡು ಸಾಗಿದಾಗ ಅವೆರಡರ ನಡುವೆ ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್‌ನಷ್ಟು ಕೆಪಾಸಿಟೆನ್ಸ್ ಉಂಟಾಗುತ್ತದೆ. 10 ಮೀಟರ್ ಉದ್ದಕ್ಕೆ ಅದು 1 ನ್ಯಾನೋಫ್ಯಾರಡ್. 50 ಹರ್ಟ್ಜ್‌ನಲ್ಲಿ ಅದರ ಅಡ್ಡಿ ಸುಮಾರು 3.2 ಮೆಗಾ ಓಮ್, ಹರಿಯುವ ವಿದ್ಯುತ್ತು ಸುಮಾರು 70 ಮೈಕ್ರೋ ಆಂಪಿಯರ್. ಕತ್ತಲೆಯಲ್ಲಿ ಎಲ್‌ಇಡಿ ಕಾಣಿಸಲು ಇಷ್ಟು ಸಾಕು.

ಮೆಟ್ಟಿಲಿನ ದೀಪಗಳಲ್ಲಿ ಇದು ಹೆಚ್ಚಾಗಿರುವುದಕ್ಕೂ ಕಾರಣ ಇಲ್ಲಿಯೇ ಇದೆ. ಟೂ ವೇ ಸ್ವಿಚ್ಚುಗಳ ನಡುವೆ ಕೆಳಮಹಡಿಯಿಂದ ಮೇಲ್ಮಹಡಿಗೆ ಎರಡು ತಂತಿಗಳು ಜೊತೆಯಾಗಿ ಹೋಗುತ್ತವೆ, ದೀಪ ಆರಿರುವಾಗ ಅವುಗಳಲ್ಲಿ ಒಂದರಲ್ಲಿ ಫೇಸ್ ಇದ್ದು ಇನ್ನೊಂದು ದೀಪಕ್ಕೆ ಸೇರಿರುತ್ತದೆ. ದೀಪವನ್ನು ಮೇಲಿನ ಸ್ವಿಚ್ಚಿನಿಂದ ಆರಿಸಿದಾಗ ಒಂದು ರೀತಿ, ಕೆಳಗಿನದರಿಂದ ಆರಿಸಿದಾಗ ಇನ್ನೊಂದು ರೀತಿ ಮಿಣುಕಿದರೆ ಈ ನಿರ್ಣಯಕ್ಕೆ ಬಲ ಬರುತ್ತದೆ. ಆ ದೀಪದ ಎಂಸಿಬಿ (ಫ್ಯೂಸಿನ ಜಾಗದಲ್ಲಿರುವ ಸ್ವಯಂಚಾಲಿತ ಸ್ವಿಚ್) ಆರಿಸಿದರೂ ಮಿಣುಕು ಉಳಿದು, ಬೇರೆ ಎಂಸಿಬಿಗಳನ್ನು ಒಂದೊಂದಾಗಿ ಆರಿಸುತ್ತಾ ಹೋದಾಗ ಯಾವುದೋ ಒಂದರಲ್ಲಿ ನಿಂತರೆ, ಆ ಎಂಸಿಬಿಯ ತಂತಿ ಇದೇ ಪೈಪಿನಲ್ಲಿ ಹಾದುಹೋಗಿದೆ ಎಂದು ತಿಳಿಯುತ್ತದೆ.

ಈಗ ಕೆಪಾಸಿಟರ್

ಇಲ್ಲಿಗೆ ಬಂದ ಮೇಲೆ ಕೆಪಾಸಿಟರ್ ಸರಿಯಾದ ಪರಿಹಾರ. 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿ, ಎಕ್ಸ್2 ದರ್ಜೆಯ (ನೇರ ಲೈನಿಗೆ ಜೋಡಿಸಲೆಂದೇ ತಯಾರಾದ) ಕೆಪಾಸಿಟರನ್ನು ದೀಪದ ಎರಡು ತಂತಿಗಳ ನಡುವೆ, ಹೋಲ್ಡರ್ ಅಥವಾ ಸೀಲಿಂಗ್ ರೋಸ್‌ನೊಳಗೆ, ಸಮಾಂತರವಾಗಿ ಜೋಡಿಸಬೇಕು. ಅದರ ಅಡ್ಡಿ ಸುಮಾರು 32 ಕಿಲೋ ಓಮ್; ಪೈಪಿನೊಳಗಿನ 1 ನ್ಯಾನೋಫ್ಯಾರಡ್ ಮೂಲಕ ಬರುವ ವಿದ್ಯುತ್ತೆಲ್ಲ ಅದರಲ್ಲೇ ಹರಿದು, ಬಲ್ಬಿನ ಮೇಲೆ ಉಳಿಯುವ ವೋಲ್ಟೇಜು 2.3ಕ್ಕೆ ಇಳಿಯುತ್ತದೆ. ಅಷ್ಟಕ್ಕೆ ಯಾವ ಡ್ರೈವರೂ ಎಚ್ಚರಗೊಳ್ಳುವುದಿಲ್ಲ. ದೀಪ ಉರಿಯುವಾಗ ಕೆಪಾಸಿಟರ್ 7 ಮಿಲಿ ಆಂಪಿಯರ್‌ನಷ್ಟು ಎಳೆದರೂ ಮೀಟರಿನಲ್ಲಿ ಗಣನೆಗೆ ಬರುವಷ್ಟು ಯೂನಿಟ್ ಓಡುವುದಿಲ್ಲ. ಕಳಚಲಾಗದ ನಿಯಾನ್ ಇಂಡಿಕೇಟರ್ ಇದ್ದಲ್ಲಿ ಮಾತ್ರ ಇದು ಸಾಲದೆ 0.22 ಮೈಕ್ರೋಫ್ಯಾರಡ್ ಬೇಕಾಗಬಹುದು. ಬಲ್ಬ್ ತೆಗೆದಾಗ ಕೆಪಾಸಿಟರಿನಲ್ಲಿ ಚಾರ್ಜ್ ಉಳಿಯದಂತೆ, 220 ಕಿಲೋ ಓಮ್‌ನ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಸೇರಿಸಿ ಅದಕ್ಕೆ ಅಡ್ಡಲಾಗಿ ಹಾಕುವುದು ಒಳ್ಳೆಯದು.

ಎಕ್ಸ್2 ದರ್ಜೆಯ ಬದಲು ರೇಡಿಯೊ ರಿಪೇರಿಯ ಸಾಮಾನ್ಯ ಡಿಸಿ ಕೆಪಾಸಿಟರ್ ಹಾಕಬಾರದು. ನೇರ ಲೈನಿನ ಮೇಲೆ ಅದು ಒಡೆದು ಶಾರ್ಟ್ ಆಗಬಹುದು, ಅದು ಇರುವುದು ಚಾವಣಿಯ ಪ್ಲಾಸ್ಟಿಕ್ಕಿನೊಳಗೆ. ಕೈಗೆ ಸುಲಭವಾಗಿ ಸಿಗುತ್ತದೆಂದು 2.5 ಮೈಕ್ರೋಫ್ಯಾರಡ್‌ನ ಫ್ಯಾನ್ ಕೆಪಾಸಿಟರ್ ಹಾಕುವುದನ್ನೂ ನಾನು ಒಪ್ಪುವುದಿಲ್ಲ: 9 ವ್ಯಾಟಿನ ದೀಪದ ಪಕ್ಕದಲ್ಲಿ ಅದು ಅನಗತ್ಯವಾಗಿ 0.18 ಆಂಪಿಯರ್ ಎಳೆಯುತ್ತದೆ, ಸ್ವಿಚ್ ಹಾಕಿದಾಗಲೆಲ್ಲ ಸ್ವಿಚ್ಚಿನ ತುದಿಗಳಲ್ಲಿ ಕಿಡಿ ಹಾರಿಸುತ್ತದೆ.

ಇದೇ ಕೆಪಾಸಿಟರನ್ನು ತೇವ ಹಿಡಿದ, 1 ಮೆಗಾ ಓಮ್‌ಗೆ ಇಳಿದ ಸ್ವಿಚ್ ಇರುವ ದೀಪಕ್ಕೆ ಹಾಕಿದ್ದರೆ ಬಲ್ಬಿನ ಮೇಲಿನ ವೋಲ್ಟೇಜು 7ಕ್ಕೆ ಇಳಿದು ಅಲ್ಲೂ ಕತ್ತಲಾಗುತ್ತಿತ್ತು. ನ್ಯೂಟ್ರಲ್‌ಗೆ ಹಾಕಿದ ಸ್ವಿಚ್ ಇರುವಲ್ಲಿ ಹಾಕಿದ್ದರೂ ಕತ್ತಲಾಗುತ್ತಿತ್ತು, ಹೋಲ್ಡರಿನ ಮೊಳೆಯಲ್ಲಿ 230 ವೋಲ್ಟ್ ಹಾಗೆಯೇ ಇರುತ್ತಿತ್ತು. ಆದ್ದರಿಂದ ಬೇರೆಯವರು ಹಿಂದೆ ಜೋಡಿಸಿ ಹೋದ ಕೆಪಾಸಿಟರ್ ಹೋಲ್ಡರಿನಲ್ಲಿ ಸಿಕ್ಕಿದರೆ, ಅದನ್ನು ತೆಗೆದು, ಬಲ್ಬ್ ಇಲ್ಲದೆ ಸ್ವಿಚ್ಚಿನ ತುದಿಗಳನ್ನು ನೋಡಿದ ನಂತರವೇ ಮತ್ತೆ ಹಾಕಬೇಕು.

ದುರಸ್ತಿಯಾದ ಮೇಲೆ ಆ ರಾತ್ರಿ ಕತ್ತಲಲ್ಲಿ ಒಮ್ಮೆ, ಯುಪಿಎಸ್ ಇದ್ದರೆ ಮೈನ್ ಆರಿಸಿ ಬ್ಯಾಟರಿಯಲ್ಲಿ ಇನ್ನೊಮ್ಮೆ, ಟೂ ವೇ ದೀಪವಾದರೆ ಎರಡೂ ಸ್ವಿಚ್ಚುಗಳಿಂದ ಆರಿಸಿ ನೋಡಬೇಕು. ತೇವದ ದೋಷವಾಗಿದ್ದಲ್ಲಿ ಮೊದಲ ಜಡಿಮಳೆ ಬಿದ್ದ ವಾರದಲ್ಲಿ ಮೆಗ್ಗರ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಯಾವ ಬೋರ್ಡಿನಲ್ಲಿ ಏನು ಬದಲಾಯಿತು, ಯಾವ ದೀಪಕ್ಕೆ ಕೆಪಾಸಿಟರ್ ಹಾಕಿದೆ, ಎಲ್ಲಿ ಕಪ್ಪು ತಂತಿಯಲ್ಲಿ ಫೇಸ್ ಇದೆ ಎಂಬುದನ್ನು ಒಂದು ಚೀಟಿಯಲ್ಲಿ ದಿನಾಂಕದೊಂದಿಗೆ ಬರೆದು ಎಂಸಿಬಿ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿದರೆ, ಮುಂದೆ ಅದೇ ಬೋರ್ಡನ್ನು ಬಿಚ್ಚುವ ಎಲೆಕ್ಟ್ರಿಷಿಯನ್ ಬಣ್ಣ ನಂಬಿ ಕೈ ಹಾಕುವುದು ತಪ್ಪುತ್ತದೆ.